ಅರಮನೆಯ ಗಂಟೆ, ಮಡಿವಾಳಿತಿಯ ಪುಕಾರು

ಪುಕಾರು ಎಂಬ ಮಾತು ಕನ್ನಡಿಗರಾದ ನಮಗೆ ಹೊಸದಲ್ಲ. ಪೇಟೆಯಲ್ಲಿ ಹಬ್ಬಿದ ಸುದ್ದಿಗೆ ಪುಕಾರು ಎನ್ನುತ್ತೇವೆ. ದೂರು, ಮೊರೆ, ಕೂಗು ಎಂಬ ಅರ್ಥಗಳೂ ಅದಕ್ಕೆ ಉಂಟು. ಫಿರ್ಯಾದಿ, ಜಾಮೀನು, ಜಪ್ತಿ, ರಾಜಿ, ತಕರಾರು, ವಾರಸುದಾರ, ವಕೀಲ — ನ್ಯಾಯಸ್ಥಾನದ ಮೆಟ್ಟಿಲು ಹತ್ತಿದ ಕನ್ನಡಿಗನ ಬಾಯಲ್ಲಿ ಬರುವ ಮಾತುಗಳಲ್ಲಿ ಅರ್ಧಕ್ಕರ್ಧ ಈ ಬಳಗದವು. ನ್ಯಾಯವೆಂಬ ಶಬ್ದ ಸಂಸ್ಕೃತದ್ದು, ಅದನ್ನು ಬೇಡುವ ಶಬ್ದಗಳು ಪಾರಸಿಯವು! ಸುಲ್ತಾನರ ಹಾಗೂ ನವಾಬರ ಕಚೇರಿಗಳ ಬಾಗಿಲಲ್ಲಿ ನಮ್ಮ ಹಿರಿಯರು ಎಷ್ಟು ತಲೆಮಾರು ಕಾದು ನಿಂತಿದ್ದರೆಂಬುದಕ್ಕೆ ಈ ಮಾತುಗಳೇ ಸಾಕ್ಷಿ.

ಇದೇ ‘ಪುಕಾರ್’ ಎಂಬ ಹೆಸರಿನಿಂದ ಒಂದು ಹಿಂದೀ ಚಿತ್ರಪಟ 1939ರಲ್ಲಿ ಮುಂಬಯಿಯಲ್ಲಿ ತಯಾರಾಯಿತು. ಸೋಹ್ರಾಬ್ ಮೋದಿಯವರ ಮಿನರ್ವಾ ಮೂವಿಟೋನ್ ಸಂಸ್ಥೆಯದು ಅದು. ಮೊಗಲ ಬಾದಶಹ ಜಹಾಂಗೀರನ ನ್ಯಾಯನಿಷ್ಠೆ ಅದರ ವಸ್ತು. ಚಂದ್ರಮೋಹನ್ ಜಹಾಂಗೀರನಾದರು, ನಸೀಮ್ ಬಾನು ನೂರಜಹಾನಳಾದರು, ಸರ್ದಾರ್ ಅಖ್ತರ್ ಮಡಿವಾಳಿತಿಯಾದರು. ರಜಪೂತ ಸರದಾರ ಸಂಗ್ರಾಮ ಸಿಂಹನ ಪಾತ್ರವನ್ನು ಮೋದಿಯವರು ತಾವೇ ವಹಿಸಿದರು. ಕಥೆ, ಸಂಭಾಷಣೆ ಬರೆದವರು ಆಗಿನ್ನೂ ಎಳೆಯರಾಗಿದ್ದ ಕಮಾಲ್ ಅಮ್ರೋಹಿ. ಮುಂದೆ 1949ರಲ್ಲಿ ‘ಮಹಲ್’, 1972ರಲ್ಲಿ ‘ಪಾಕೀಜಾ’ ತೆಗೆದವರೂ ಇವರೇ. ನಮ್ಮ ಮನೆಗಳ ಅಜ್ಜ ಅಜ್ಜಿಯರಲ್ಲಿ ಈ ಚಿತ್ರವನ್ನು ಕಂಡವರು, ಕಾಣದಿದ್ದರೂ ಕಥೆ ಕೇಳಿದವರು ಅನೇಕರು. ಕಂಡವರು ಮೊದಲು ನೆನೆಯುತ್ತಿದ್ದುದು ಚಂದ್ರಮೋಹನರ ಕಣ್ಣುಗಳನ್ನು, ಆಮೇಲೆ ಗಂಟೆಯನ್ನು.

ಮೋದಿಯವರು 1897ರಲ್ಲಿ ಹುಟ್ಟಿದ ಪಾರಸೀ ಗೃಹಸ್ಥರು. ಸಿನೆಮಕ್ಕೆ ಬಂದುದು ನಾಟಕದ ರಂಗದಿಂದ. ಅವರ ಮೊದಲ ಚಿತ್ರ, 1935ರ ‘ಖೂನ್ ಕಾ ಖೂನ್’, ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ನ ಉರ್ದು ರೂಪ. ಆದುದರಿಂದ ‘ಪುಕಾರ್’ನಲ್ಲಿ ಪಾತ್ರಗಳು ಮಾತನಾಡುವ ರೀತಿ ರಂಗಸ್ಥಲದ ಮೇಲಿನ ರೀತಿಯೇ: ಎದೆ ತುಂಬ ಉಸಿರೆಳೆದು, ಮಾತನ್ನು ತೂಗಿ, ಕೊನೆಯ ಸಾಲಿನ ಪ್ರೇಕ್ಷಕನಿಗೂ ತಲುಪುವಂತೆ ನುಡಿಯುವುದು. ಇಂದಿನ ತರುಣರಿಗೆ ಇದು ಅತಿಯೆನಿಸೀತು. ಆದರೆ ಗುಬ್ಬಿ ಕಂಪನಿಯ ನಾಟಕಗಳನ್ನು ಕಂಡು ಬೆಳೆದ ನಮ್ಮ ಜನಕ್ಕೆ ಅದು ಪರಕೀಯವಾಗಿರಲಿಲ್ಲ. ಕನ್ನಡದ ವೃತ್ತಿ ನಾಟಕ ಮಂಡಳಿಗಳು ಪರದೆ, ಸೀನು, ಹಾಡಿನ ಮಟ್ಟು ಮುಂತಾದವುಗಳಲ್ಲಿ ಪಾರಸೀ ಕಂಪನಿಗಳಿಂದ ಧಾರಾಳವಾಗಿ ಕಲಿತವು. ಪಾರ್ಸಿ ಮಟ್ಟು ಎಂದೇ ಹೆಸರಾದ ಧಾಟಿಗಳು ನಮ್ಮ ರಂಗಗೀತೆಗಳಲ್ಲಿ ಉಳಿದಿವೆ. ಹಿಂದಿ ಬಾರದ ಕನ್ನಡಿಗನೂ ಥಿಯೇಟರಿನಲ್ಲಿ ಕುಳಿತು ಈ ಮಾತಿನ ಏರಿಳಿತವನ್ನು ಸವಿಯಬಲ್ಲವನಾಗಿದ್ದ. ಅರ್ಥವನ್ನು ಪಕ್ಕದವನು ಹೇಳಿದರೆ ಸಾಕಾಗಿತ್ತು.

ಚಿತ್ರದ ಕಥೆ ಹೀಗಿದೆ. ಸಂಗ್ರಾಮ ಸಿಂಹನ ಮಗ ಮಂಗಲ ಸಿಂಹ. ಅವನ ಮನೆತನಕ್ಕೂ ಅವನು ಪ್ರೀತಿಸಿದ ಹುಡುಗಿಯ ಮನೆತನಕ್ಕೂ ಹಗೆ. ಈ ಹಗೆಯಲ್ಲಿ ಅವನು ಆಕೆಯ ತಂದೆಯನ್ನೂ ಅಣ್ಣನನ್ನೂ ಕೊಲ್ಲುತ್ತಾನೆ. ತಂದೆಯಾದ ಸಂಗ್ರಾಮ ಸಿಂಹನೇ ಮಗನನ್ನು ಹಿಡಿದು ತಂದು ದರ್ಬಾರಿಗೆ ಒಪ್ಪಿಸುತ್ತಾನೆ. ಪ್ರಾಣಕ್ಕೆ ಪ್ರಾಣವೆಂದು ಬಾದಶಹ ಮರಣದಂಡನೆ ವಿಧಿಸುತ್ತಾನೆ. ಇಷ್ಟರಲ್ಲಿ ಅರಮನೆಯ ಗಂಟೆ ಮೊಳಗುತ್ತದೆ. ಒಬ್ಬ ಮಡಿವಾಳಿತಿ ಬಂದು ನಿಂತಿದ್ದಾಳೆ. ಬೇಗಮ್ ನೂರಜಹಾನ್ ಬೇಟೆಯಾಡುವಾಗ ಬಿಟ್ಟ ಬಾಣ ಗುರಿ ತಪ್ಪಿ ಆಕೆಯ ಗಂಡನಿಗೆ ತಗುಲಿ ಅವನು ಸತ್ತಿದ್ದಾನೆ. ಸರದಾರನ ಮಗನಿಗೆ ಒಂದು ನ್ಯಾಯ, ಬೇಗಮಳಿಗೆ ಇನ್ನೊಂದು ನ್ಯಾಯವೇ? ಬಾದಶಹ ಇಕ್ಕಟ್ಟಿಗೆ ಸಿಕ್ಕಿ, ನನ್ನ ಹೆಂಡತಿ ನಿನ್ನನ್ನು ವಿಧವೆಯನ್ನಾಗಿ ಮಾಡಿದಳು, ನೀನು ಅವಳನ್ನು ವಿಧವೆಯನ್ನಾಗಿ ಮಾಡು ಎಂದು ತನ್ನ ಎದೆಯನ್ನೇ ಒಡ್ಡುತ್ತಾನೆ. ಆಕೆ ಕೊಲ್ಲಲೊಪ್ಪುವುದಿಲ್ಲ. ಪ್ರಾಣಕ್ಕೆ ಪ್ರಾಣವೆಂಬ ಕಟ್ಟಳೆ ಸಡಿಲಗೊಂಡು, ಅದರ ಬೆನ್ನಿಗೆ ಮಂಗಲ ಸಿಂಹನೂ ಉಳಿಯುತ್ತಾನೆ.

ಇದರಲ್ಲಿ ಇತಿಹಾಸವೆಷ್ಟು, ಕಲ್ಪನೆಯೆಷ್ಟು? ಗಂಟೆಯ ಮಾತು ಸತ್ಯ. ಜಹಾಂಗೀರ ತನ್ನ ಆಳ್ವಿಕೆಯ ವೃತ್ತಾಂತವನ್ನು ತಾನೇ ಬರೆದಿಟ್ಟಿದ್ದಾನೆ. ‘ತುಜುಕ್-ಇ-ಜಹಾಂಗೀರಿ’ ಎಂದು ಅದಕ್ಕೆ ಹೆಸರು. 1605ರಲ್ಲಿ ಪಟ್ಟವೇರಿದೊಡನೆ ತಾನು ಕೊಟ್ಟ ಮೊದಲ ಅಪ್ಪಣೆಯೇ ನ್ಯಾಯದ ಸರಪಳಿಯನ್ನು ಕಟ್ಟಿಸುವುದಾಗಿತ್ತೆಂದು ಅದರಲ್ಲಿ ಹೇಳುತ್ತಾನೆ. ಅಪ್ಪಟ ಚಿನ್ನದ ಸರಪಳಿ. 30 ಗಜ ಉದ್ದ, 60 ಗಂಟೆಗಳು, ತೂಕ ಹಿಂದುಸ್ತಾನದ ಲೆಕ್ಕದಲ್ಲಿ 4 ಮಣ. ಒಂದು ತುದಿ ಆಗ್ರಾ ಕೋಟೆಯ ಷಾ ಬುರುಜಿನ ತೆನೆಗೆ, ಇನ್ನೊಂದು ತುದಿ ಯಮುನೆಯ ದಂಡೆಯಲ್ಲಿ ನೆಟ್ಟ ಕಲ್ಲುಕಂಬಕ್ಕೆ. ನ್ಯಾಯಾಧಿಕಾರಿಗಳು ವಿಳಂಬ ಮಾಡಿದರೆ, ಪಕ್ಷಪಾತ ಮಾಡಿದರೆ, ಅನ್ಯಾಯಕ್ಕೆ ಒಳಗಾದವನು ಬಂದು ಸರಪಳಿ ಅಲುಗಿಸಲಿ, ಅದರ ಸದ್ದು ನಮ್ಮ ಕಿವಿಗೆ ಬೀಳಲಿ ಎಂಬುದು ಅವನ ಇಂಗಿತ. ಇದು ಅರಸನ ಆತ್ಮಸ್ತುತಿ ಮಾತ್ರವಲ್ಲ. 1608ರಲ್ಲಿ ಸೂರತ್ತಿಗೆ ಬಂದಿಳಿದು, ಅಲ್ಲಿಂದ ಆಗ್ರಾಕ್ಕೆ ಹೋಗಿ ಆಸ್ಥಾನದಲ್ಲಿ ಕೆಲಕಾಲ ಇದ್ದ ಇಂಗ್ಲಿಷ್ ನಾವಿಕ ವಿಲಿಯಮ್ ಹಾಕಿನ್ಸನೂ ಚಿನ್ನದ ಹೊದಿಕೆಯ ಗಂಟೆಗಳನ್ನು ಕಟ್ಟಿದ ಹಗ್ಗವೊಂದರ ಸಂಗತಿಯನ್ನು ಬರೆದಿದ್ದಾನೆ. ಅವನಿಗೆ ಹಗ್ಗವಾಗಿ ಕಂಡದ್ದು ಬಾದಶಹನ ಬರವಣಿಗೆಯಲ್ಲಿ ಅಪ್ಪಟ ಚಿನ್ನದ ಸರಪಳಿ. ಇಂಥ ವ್ಯತ್ಯಾಸಗಳಿಗೆ ಇತಿಹಾಸ ಓದುವವರು ಹೊಂದಿಕೊಳ್ಳಬೇಕು.

ಸರಪಳಿಯ ಒಂದು ತುದಿ ಕೋಟೆಯ ಹೊರಗೆ, ಹೊಳೆಯ ದಂಡೆಯಲ್ಲಿತ್ತು ಎಂಬುದನ್ನು ನಾವು ಗಮನಿಸಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬುದು ನಮ್ಮ ಗಾದೆ. ರಾಜ್ಯಭಾರದಲ್ಲಿ ಪೂಜಾರಿಗಳಿಗೆ ಯಾವ ಕಾಲದಲ್ಲೂ ಬರಗಾಲವಿಲ್ಲ. ದ್ವಾರಪಾಲಕ, ಗುಮಾಸ್ತ, ಕೊತ್ವಾಲ, ಖಾಜಿ ಎಲ್ಲರನ್ನೂ ದಾಟಿ ಬಡವನ ದನಿ ಸಿಂಹಾಸನವನ್ನು ಮುಟ್ಟಬೇಕಾದರೆ ಗೋಡೆಯ ಹೊರಗೆ ಒಂದು ತುದಿ ಇರಬೇಕು. ಯೋಚನೆ ಒಳ್ಳೆಯದೇ. ಆದರೆ ಆಗ್ರಾದ ಯಮುನೆಯ ದಂಡೆಗೆ ಬರಬಲ್ಲವನಿಗೆ ಮಾತ್ರ ಅದು ನಿಲುಕುವಂಥದು. ಬಂಗಾಳದ ರೈತನಿಗೆ, ಗುಜರಾತಿನ ನೇಕಾರನಿಗೆ 30 ಗಜದ ಸರಪಳಿಯಿಂದ ಏನು ಬಂತು?

ಇನ್ನು ಮಡಿವಾಳಿತಿ. ಬಾದಶಹನ ಗ್ರಂಥದಲ್ಲಿ ಆಕೆಯಿಲ್ಲ. ಬೇಗಮಳ ಕೈಯಿಂದ ದಾರಿಹೋಕನೊಬ್ಬ ಸತ್ತನೆಂಬ ಕಥೆ ಬಹುಕಾಲದ ಮೇಲೆ ಜನರ ಬಾಯಲ್ಲಿಯೂ ಕವಿಗಳ ಲೇಖನಿಯಲ್ಲಿಯೂ ಬೆಳೆದದ್ದು. ಉರ್ದುವಿನ ವಿದ್ವಾಂಸ ಶಿಬ್ಲಿ ನೋಮಾನಿಯವರು ‘ಅದ್ಲ್-ಎ-ಜಹಾಂಗೀರಿ’ ಎಂಬ ಕವಿತೆಯಲ್ಲಿ ಇದನ್ನು ಹಾಡಿದ ಮೇಲೆ ಅದು ಮನೆಮಾತಾಯಿತು. ನೂರಜಹಾನಳು ಬೇಟೆಯಲ್ಲಿ ನಿಪುಣೆಯೆಂಬುದೇನೋ ನಿಜ. 1617ರಲ್ಲಿ ಮಾಂಡುವಿನ ಬಳಿ ಆನೆಯ ಅಂಬಾರಿಯಲ್ಲಿ ಕುಳಿತು ಆರೇ ಗುಂಡುಗಳಲ್ಲಿ ನಾಲ್ಕು ಹುಲಿಗಳನ್ನು ಉರುಳಿಸಿದಳೆಂದು ಗಂಡ ಹೆಮ್ಮೆಯಿಂದ ಬರೆದಿದ್ದಾನೆ. ಆಕೆಯ ಕೈಯಲ್ಲಿದ್ದುದು ಕೋವಿ. ಸಿನೆಮಾದವರು ಅದನ್ನು ಬಿಲ್ಲುಬಾಣ ಮಾಡಿದರು. ಬಾಣ ತೆರೆಯ ಮೇಲೆ ಚೆನ್ನಾಗಿ ಕಾಣುತ್ತದೆ, ತಪ್ಪೇನಿಲ್ಲ.

ಕಥೆಯ ನ್ಯಾಯಶಾಸ್ತ್ರವನ್ನು ನೋಡಿದಾಗ ಒಂದು ಸ್ವಾರಸ್ಯ ಹೊಳೆಯುತ್ತದೆ. ಮೊಗಲರ ಕಾಲದಲ್ಲಿ ಖಾಜಿಗಳು ಅನುಸರಿಸುತ್ತಿದ್ದುದು ಹನಫೀ ಪಂಥದ ಧರ್ಮಶಾಸ್ತ್ರ. ಅದರ ಪ್ರಮಾಣಗ್ರಂಥಗಳಲ್ಲಿ ‘ಹಿದಾಯ’ ಮುಖ್ಯವಾದುದು. 12ನೆಯ ಶತಮಾನದಲ್ಲಿ ಮಧ್ಯ ಏಷ್ಯದ ಮರ್ಗಿನಾನಿ ಎಂಬ ಪಂಡಿತನು ಬರೆದದ್ದು. ಬೇಕೆಂದು ಮಾಡಿದ ಕೊಲೆ ಬೇರೆ, ಕೈತಪ್ಪಿ ಆದ ಕೊಲೆ ಬೇರೆ ಎಂದು ಈ ಶಾಸ್ತ್ರ ಸ್ಪಷ್ಟವಾಗಿ ವಿಂಗಡಿಸುತ್ತದೆ. ಕೈತಪ್ಪಿದ ಕೊಲೆಗೆ ಅದು ಕೊಡುವ ಉದಾಹರಣೆ ಯಾವುದೆಂದುಕೊಂಡಿರಿ? ಬೇಟೆಯೆಂದು ಬಗೆದು ಬಾಣ ಬಿಟ್ಟು ಮನುಷ್ಯನನ್ನು ಕೊಂದದ್ದು! ಇಂಥ ತಪ್ಪಿಗೆ ಮರಣದಂಡನೆ ಇಲ್ಲ. ಸತ್ತವನ ಕಡೆಯವರಿಗೆ ದಿಯತ್ ಎಂಬ ಪರಿಹಾರದ ಹಣ ಕೊಡಬೇಕು; ಪ್ರಾಯಶ್ಚಿತ್ತವಾಗಿ ಒಬ್ಬ ಗುಲಾಮನನ್ನು ಬಿಡುಗಡೆ ಮಾಡಬೇಕು, ಇಲ್ಲವೇ ಎಡೆಬಿಡದೆ ಎರಡು ತಿಂಗಳು ಉಪವಾಸವಿರಬೇಕು. ಆದುದರಿಂದ ಆಗ್ರಾದ ಯಾವ ಖಾಜಿಯ ಮುಂದೆ ಈ ಮೊಕದ್ದಮೆ ಬಂದಿದ್ದರೂ ಒಂದೇ ಬೈಠಕ್ಕಿನಲ್ಲಿ ಮುಗಿದುಹೋಗುತ್ತಿತ್ತು. ಚಿತ್ರವೂ ಮೂರು ತಾಸು ಓಡುತ್ತಿರಲಿಲ್ಲವೆನ್ನಿ.

ಮಂಗಲ ಸಿಂಹನದು ಹಾಗಲ್ಲ. ಅವನದು ಬೇಕೆಂದು ಮಾಡಿದ ಕೊಲೆ. ಅಲ್ಲಿಯೂ ಆ ಶಾಸ್ತ್ರದ ಒಂದು ನಿಯಮ ವಿಚಾರಾರ್ಹವಾಗಿದೆ. ಕೊಲೆಗಾರನ ಪ್ರಾಣ ಬೇಡುವ ಹಕ್ಕು ಸತ್ತವನ ವಾರಸುದಾರರದು; ಹಣ ಪಡೆದು ಬಿಡುವ ಹಕ್ಕೂ ಅವರದೇ, ಏನೂ ಪಡೆಯದೆ ಕ್ಷಮಿಸುವ ಹಕ್ಕೂ ಅವರದೇ. ಅವರನ್ನು ಬಿಟ್ಟು ಅರಸನು ತಾನಾಗಿಯೇ ಕ್ಷಮಿಸುವಂತಿರಲಿಲ್ಲ. ‘ಪುಕಾರ್’ ನೋಡಿದವರು ಸಾಮಾನ್ಯವಾಗಿ ಜಹಾಂಗೀರನನ್ನು ಹೊಗಳುತ್ತಾ ಹೊರಬರುತ್ತಾರೆ. ನಮ್ಮ ಎಣಿಕೆಯಲ್ಲಿ ಹೊಗಳಬೇಕಾದುದು ಆ ಹೆಣ್ಣುಮಗಳನ್ನು. ಕೊನೆಯ ತೀರ್ಪು ಕೊಟ್ಟವಳು ಆಕೆ. ಇದನ್ನು ಅರಿತೋ ಅರಿಯದೆಯೋ ಅಮ್ರೋಹಿಯವರ ಕಥೆ ಹಳೆಯ ಶಾಸ್ತ್ರದ ತಿರುಳನ್ನು ಹಿಡಿದುಬಿಟ್ಟಿದೆ. ವಾರಸುದಾರರ ಈ ಹಕ್ಕನ್ನು ಕಿತ್ತುಹಾಕಿದವರು ಕಂಪನಿ ಸರಕಾರದವರು, 1790ರ ದಶಕದಲ್ಲಿ, ಬಂಗಾಳದಲ್ಲಿ. ಕೊಲೆಯೆಂಬುದು ಸರಕಾರದ ವಿರುದ್ಧ ಮಾಡಿದ ಅಪರಾಧ, ಕ್ಷಮಿಸಲು ನೀನಾರು ಎಂಬ ಧೋರಣೆ ಅಂದಿನಿಂದ ಬಂತು. 1860ರ ದಂಡಸಂಹಿತೆಯೂ ಅದೇ ಹಾದಿ ಹಿಡಿಯಿತು. ಹಣವಂತರು ಬಡವರ ಕ್ಷಮೆಯನ್ನು ಕೊಂಡುಕೊಳ್ಳಬಾರದೆಂಬ ಮಟ್ಟಿಗೆ ಇದು ಸರಿಯೇ. ಆದರೆ ಆ ಮೇಲೆ ಸತ್ತವನ ಹೆಂಡತಿ ಕಟಕಟೆಯ ಬಳಿ ಬರಿಯ ಸಾಕ್ಷಿಯಾಗಿ ಉಳಿದಳು.

ಬೇಟೆಯ ಮಾತು ಬಂತಲ್ಲ, ಜಹಾಂಗೀರನ ಗ್ರಂಥದಲ್ಲಿಯೇ ಇರುವ ಇನ್ನೊಂದು ಸಂಗತಿಯನ್ನು ಬಿಡುವಂತಿಲ್ಲ. ಒಂದು ದಿನ ಬಾದಶಹ ನೀಲಗಾಯಿಗೆ ಗುರಿಯಿಟ್ಟು ನಿಂತಿದ್ದಾನೆ. ಹೊಡೆಯುವಷ್ಟರಲ್ಲಿ ಒಬ್ಬ ಸಾಯಿಸನೂ ಇಬ್ಬರು ಬೋಯಿಗಳೂ ಅಡ್ಡ ಬಂದರು, ಪ್ರಾಣಿ ಓಡಿಹೋಯಿತು. ಸಿಟ್ಟಿನಿಂದ ಸಾಯಿಸನನ್ನು ಅಲ್ಲಿಯೇ ಕೊಲ್ಲಿಸಿದ; ಬೋಯಿಗಳ ಹಿಮ್ಮಡಿಯ ನರ ಕತ್ತರಿಸಿ, ಕತ್ತೆಯ ಮೇಲೆ ಕೂರಿಸಿ ಪಾಳೆಯದ ಸುತ್ತ ಮೆರವಣಿಗೆ ಮಾಡಿಸಿದ. ಇದನ್ನು ಬರೆದವನು ಅವನೇ, ಅದೂ ಮುಚ್ಚುಮರೆಯಿಲ್ಲದೆ. ಅಪರಾಧಿಗಳ ಕಿವಿ ಮೂಗು ಕೊಯ್ಯಬಾರದೆಂದು ಪಟ್ಟವೇರಿದಾಗ ಕಟ್ಟಳೆ ಮಾಡಿದ್ದವನೂ ಅವನೇ. ಮಗ ಖುಸ್ರು 1606ರಲ್ಲಿ ದಂಗೆಯೆದ್ದಾಗ ಅವನ ಅನುಚರರನ್ನು ಲಾಹೋರಿನ ದಾರಿಯುದ್ದಕ್ಕೂ ಶೂಲಕ್ಕೇರಿಸಿದ. ಸಿಖ್ಖರ ಗುರು ಅರ್ಜುನರು ಪ್ರಾಣ ತೆತ್ತದ್ದೂ ಅದೇ ವರ್ಷ. ಸರಪಳಿ ಕಟ್ಟಿ ಆಗ ವರ್ಷವೂ ತುಂಬಿರಲಿಲ್ಲ. ಬೇಟೆಗೆ ಅಡ್ಡ ಬಂದು ಸತ್ತ ಆ ಸಾಯಿಸನಿಗೂ ಹೆಂಡತಿ ಇದ್ದಿರಬಹುದು. ಆಕೆ ಗಂಟೆ ಬಾರಿಸಿದ ಚಿತ್ರವನ್ನು ಯಾರೂ ತೆಗೆಯಲಿಲ್ಲ.

ಚಿತ್ರ ಕಟ್ಟಿದವರನ್ನು ಇದಕ್ಕಾಗಿ ದೂರುವುದು ನಮ್ಮ ಉದ್ದೇಶವಲ್ಲ. 1939 ಎಂಥ ಕಾಲವೆಂಬುದನ್ನು ನೆನೆಯಬೇಕು. ದೇಶ ಪರಾಧೀನವಾಗಿತ್ತು, ಹಿಂದೂ ಮುಸಲ್ಮಾನರ ನಡುವೆ ಬಿರುಕು ದೊಡ್ಡದಾಗುತ್ತಿತ್ತು. ಅಂಥಲ್ಲಿ ಪಾರಸಿಯೊಬ್ಬರು ಮುಸಲ್ಮಾನ ಬಾದಶಹನನ್ನೂ ರಜಪೂತ ಸರದಾರನನ್ನೂ ಒಂದೇ ಧರ್ಮಸಂಕಟದಲ್ಲಿ ಎದುರುಬದುರು ನಿಲ್ಲಿಸಿ, ಇಬ್ಬರನ್ನೂ ದೊಡ್ಡವರನ್ನಾಗಿ ತೋರಿಸಿದರು. ಗಂಟೆ ಬಾರಿಸಿದರೆ ಆಳುವವನು ಕಿಟಕಿಗೆ ಬಂದು ನಿಲ್ಲುವ ದೃಶ್ಯವೇ ಅಂದಿನ ಪ್ರೇಕ್ಷಕನಿಗೆ ಹೊಟ್ಟೆ ತುಂಬಿಸುವಂಥದಾಗಿತ್ತು. ಕಥೆಗೆ ಆಯುಸ್ಸು ಗಟ್ಟಿ. 1955ರಲ್ಲಿ ಜಿ. ಪಿ. ಸಿಪ್ಪಿಯವರು ಪ್ರದೀಪ್ ಕುಮಾರ್, ಮೀನಾ ಕುಮಾರಿಯವರನ್ನು ಹಾಕಿಕೊಂಡು ‘ಅದ್ಲ್-ಎ-ಜಹಾಂಗೀರ್’ ತೆಗೆದರು. 1960ರ ಆಗಸ್ಟ್ 5ರಂದು ಮರಾಠಾ ಮಂದಿರದಲ್ಲಿ ತೆರೆಕಂಡ ಕೆ. ಆಸಿಫರ ‘ಮೊಗಲ್-ಎ-ಆಜಮ್’ನಲ್ಲಿ ನ್ಯಾಯದ ದೊಡ್ಡ ತಕ್ಕಡಿಯೇ ಒಂದು ಪಾತ್ರದಂತೆ ನಿಂತಿದೆ. ಆ ಚಿತ್ರದ ಮೊದಲ ಪ್ರಯತ್ನದಲ್ಲಿ ಅಕಬರನ ಪಾತ್ರಕ್ಕೆ ಆರಿಸಿದ್ದುದು ನಮ್ಮ ‘ಪುಕಾರ್’ನ ಚಂದ್ರಮೋಹನರನ್ನೇ. ಅವರು 1949ರಲ್ಲಿ ತೀರಿಕೊಂಡರು. ಪಾತ್ರ ಪೃಥ್ವಿರಾಜ ಕಪೂರರಿಗೆ ಹೋಯಿತು.

ಇದೆಲ್ಲ ಉತ್ತರದ ಮಾತಾಯಿತು, ನಮ್ಮ ನಾಡಿನ ಅರಸರ ನ್ಯಾಯ ಹೇಗಿತ್ತು ಎಂದು ಓದುಗರು ಕೇಳಬಹುದು. ವಿಜಾಪುರದ ಸುಲ್ತಾನರ ಬಿರುದೇ ಆದಿಲ್, ಎಂದರೆ ನ್ಯಾಯವಂತ. ಗೋಲಗುಮ್ಮಟ ನೋಡಲು ಹೋದವರು ಸಮೀಪದ ಅಸಾರ್ ಮಹಲನ್ನೂ ನೋಡಿರಬೇಕು. ಮಹಮ್ಮದ್ ಆದಿಲ್‌ಶಹನ ಕಾಲದಲ್ಲಿ, 1646ರ ಸುಮಾರಿಗೆ, ಅದನ್ನು ಕಟ್ಟಿಸಿದ್ದು ದಾದ್ ಮಹಲ್ ಎಂಬ ನ್ಯಾಯಮಂದಿರವಾಗಿ. ಪ್ರವಾದಿಯ ಸ್ಮಾರಕಗಳನ್ನು ಇಟ್ಟ ಮೇಲೆ ಈಗಿನ ಹೆಸರು ಬಂತು. ಆ ದಾದ್ ಇಂದಿಗೂ ನಮ್ಮ ಉತ್ತರ ಕರ್ನಾಟಕದ ಬಾಯಿಮಾತಿನಲ್ಲಿದೆ. ಕೇಳುವವರಿಲ್ಲದ ಕಡೆ ದಾದಿಲ್ಲ ಫಿರ್ಯಾದಿಲ್ಲ ಎನ್ನುತ್ತೇವೆ. ಕೃಷ್ಣದೇವರಾಯನು ತನ್ನ ತೆಲುಗು ಕಾವ್ಯ ‘ಆಮುಕ್ತಮಾಲ್ಯದ’ದಲ್ಲಿ ಮರಣದಂಡನೆ ಹೊಂದಿದವನಿಗೆ ಮೂರು ಬಾರಿ ಮೊರೆಯಿಡಲು ಅವಕಾಶ ಕೊಡಬೇಕೆಂದು ರಾಜನೀತಿ ಹೇಳಿದ್ದಾನೆ. ಅವನ ತಮ್ಮ ಅಚ್ಯುತರಾಯನ ಕಾಲದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ ನೂನಿಜನಾದರೋ, ಎಷ್ಟು ಚಿಕ್ಕ ಕಳವಾದರೂ ಕಳ್ಳನ ಒಂದು ಕೈ ಒಂದು ಕಾಲು ಹೋಯಿತೆಂದೇ ಬರೆಯುತ್ತಾನೆ. ಕಾವ್ಯದ ನ್ಯಾಯ, ಬೀದಿಯ ನ್ಯಾಯ ಇಲ್ಲಿಯೂ ಎರಡೇ. ಕನ್ನಡ ಚಿತ್ರಪಟದಲ್ಲಿ ಅರಸನ ನ್ಯಾಯಸಭೆಯನ್ನು ನೆನೆದರೆ ನಮ್ಮ ಕಣ್ಣ ಮುಂದೆ ಬರುವುದು 1959ರ ‘ಜಗಜ್ಯೋತಿ ಬಸವೇಶ್ವರ’. ಬಿಜ್ಜಳನ ಪಾತ್ರದಲ್ಲಿ ರಾಜಕುಮಾರರು. ಮಕ್ಕಳ ಮದುವೆ ಮಾಡಿದ ತಪ್ಪಿಗೆ ಹರಳಯ್ಯ, ಮಧುವರಸರಿಗೆ ದಂಡನೆಯಾದ ಆ ಕಲ್ಯಾಣದಲ್ಲಿ ಬಾರಿಸಲು ಗಂಟೆಯಿರಲಿಲ್ಲ.

ಇದೇ ಸೋಹ್ರಾಬ್ ಮೋದಿಯವರಿಂದ ನಮಗೆ ಸಂದ ಒಂದು ಅನ್ಯಾಯವನ್ನೂ ಇಲ್ಲಿ ದಾಖಲಿಸಬೇಕು. 1941ರ ‘ಸಿಕಂದರ್’ ಆದ ಮೇಲೆ 1943ರಲ್ಲಿ ಅವರು ‘ಪೃಥ್ವೀವಲ್ಲಭ’ ತೆಗೆದರು. ಕನ್ನಯ್ಯಲಾಲ ಮುನ್ಷಿಯವರ ಪ್ರಸಿದ್ಧ ಗುಜರಾತಿ ಕಾದಂಬರಿ ಅದಕ್ಕೆ ಆಧಾರ. ನಾಯಕ ಮಾಳವದ ಪರಮಾರ ದೊರೆ ಮುಂಜ, ಪಾತ್ರಧಾರಿ ಮೋದಿಯವರೇ. ಅವನನ್ನು ಸೆರೆಹಿಡಿದು ಕೊಲ್ಲಿಸುವ ಖಳ ಯಾರು? ನಮ್ಮ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ತೈಲಪ! ದುರ್ಗಾ ಖೋಟೆಯವರು ಮೃಣಾಲವತಿಯಾದರು, ಎಂದರೆ ಸೆರೆಯಾಳನ್ನು ಪ್ರೀತಿಸುವ ತೈಲಪನ ಸೋದರಿ. ತೈಲಪನು ಮುಂಜನನ್ನು ಕೊಂದದ್ದು ಸುಳ್ಳಲ್ಲ. ಚಾಲುಕ್ಯರ ಕಡೆಯ ಶಾಸನಗಳೇ ಅದನ್ನು ಹೆಮ್ಮೆಯಿಂದ ಹೇಳಿಕೊಂಡಿವೆ. ಆದರೆ ಸೋದರಿಯ ಪ್ರೇಮ, ಮುಂಜನ ಕೈಯಲ್ಲಿ ಮನೆಮನೆಯ ಭಿಕ್ಷೆ ಎತ್ತಿಸಿದ್ದು ಮೊದಲಾದವುಗಳು ನಡೆದು ಮುನ್ನೂರು ವರ್ಷಗಳ ಮೇಲೆ, 14ನೆಯ ಶತಮಾನದ ಆರಂಭದಲ್ಲಿ, ಗುಜರಾತಿನ ಜೈನ ಪಂಡಿತ ಮೇರುತುಂಗ ಹೆಣೆದ ಪ್ರಬಂಧದಿಂದ ಬಂದಂಥವು. ಗೋದಾವರಿ ದಾಟಬೇಡವೆಂದು ಮಂತ್ರಿ ತಡೆದರೂ ಕೇಳದೆ ದಂಡೆತ್ತಿ ಬಂದವನು ಮುಂಜನೆಂದು ಅದೇ ಮೇರುತುಂಗ ಬರೆದಿದ್ದಾನೆ. ಕಥೆ ಕಟ್ಟಿದವರು ಯಾವುದನ್ನು ಉಳಿಸಿಕೊಂಡರು, ಯಾವುದನ್ನು ಮಸುಕಾಗಿಸಿದರು ಎಂಬುದನ್ನು ನೋಡಬೇಕು. ರಾಷ್ಟ್ರಕೂಟರು ಮುಳುಗಿದಾಗ, 973ರಲ್ಲಿ, ಚಾಲುಕ್ಯ ವಂಶವನ್ನು ಮತ್ತೆ ಎತ್ತಿ ನಿಲ್ಲಿಸಿದವನು ತೈಲಪ. ರನ್ನನಿಗೆ ಕವಿಚಕ್ರವರ್ತಿ ಎಂಬ ಬಿರುದು ಕೊಟ್ಟವನು. ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಬರೆಯಿಸಿ ಹಂಚಿದ ಅತ್ತಿಮಬ್ಬೆಯ ಗಂಡ ನಾಗದೇವ ಅವನ ದಂಡನಾಯಕ. ಇಷ್ಟೆಲ್ಲ ಇದ್ದವನು ಮುಂಬಯಿಯ ತೆರೆಯ ಮೇಲೆ ಹೊಟ್ಟೆಕಿಚ್ಚಿನ ಖಳನಾಗಿ ಕುಳಿತ. ಆಗ್ರಾದ ಬಾದಶಹನಿಗೆ ಸಿಕ್ಕಿದ ವಕೀಲರು ಕಲ್ಯಾಣದ ಚಕ್ರವರ್ತಿಗೆ ಸಿಗಲಿಲ್ಲ. ತೈಲಪನ ಪರವಾದ ದೊಡ್ಡ ಚಿತ್ರವನ್ನು ನಾವು ಕನ್ನಡಿಗರಾದರೂ ತೆಗೆದೆವೆ? ನಾವು ತೆಗೆದದ್ದು 1967ರ ‘ಇಮ್ಮಡಿ ಪುಲಕೇಶಿ’, 1970ರ ‘ಶ್ರೀ ಕೃಷ್ಣದೇವರಾಯ’; ತೈಲಪ ಶಾಸನಗಳಲ್ಲಿಯೇ ಉಳಿದ.

ಮತ್ತೆ ಜಹಾಂಗೀರನಿಗೆ ಬರೋಣ. ಮಡಿವಾಳಿತಿ ಕಲ್ಪನೆಯೆಂದೆವು. ನಿಜವಾದ ಒಬ್ಬ ವಿಧವೆ ಅವನ ಗ್ರಂಥದಲ್ಲಿದ್ದಾಳೆ, ಅದೂ ನಮಗೆ ಆಗ್ರಾಕ್ಕಿಂತ ಹತ್ತಿರದವಳು. ಮುಂಬಯಿಯಿಂದ ಕಡಲಂಚಿನಲ್ಲಿ ಉತ್ತರಕ್ಕೆ ಹೋದರೆ ಸಿಗುವ ಖಂಭಾತ ಬಂದರು ಆ ಕಾಲಕ್ಕೆ ದೊಡ್ಡ ವ್ಯಾಪಾರಸ್ಥಳ; ನಮ್ಮ ಮುಂಬಯಿ ಪೋರ್ಚುಗೀಸರ ಕೈಯಲ್ಲಿದ್ದ ದ್ವೀಪ. ಖಂಭಾತ, ಸೂರತ್ತು ಬಂದರುಗಳ ಮೇಲೆ ಮುಕರ್ರಬ್ ಖಾನ್ ಎಂಬ ಅಧಿಕಾರಿಯಿದ್ದ, ಬಾದಶಹನ ಆಪ್ತ. ಆಕೆಯ ದೂರು ಇಷ್ಟು: ನನ್ನ ಮಗಳನ್ನು ಖಾನನು ಬಲಾತ್ಕಾರದಿಂದ ತನ್ನ ಮನೆಗೆ ಒಯ್ದ, ಮಗಳೆಲ್ಲಿ ಎಂದು ಕೇಳಿದರೆ ಸತ್ತಳೆಂದ. ಬಾದಶಹ ವಿಚಾರಣೆಗೆ ಅಪ್ಪಣೆ ಮಾಡಿದ. ಬಹಳ ಶೋಧಿಸಿದ ಮೇಲೆ ಅಪರಾಧ ಮಾಡಿದವನು ಖಾನನ ಪರಿಚಾರಕರಲ್ಲಿ ಒಬ್ಬನೆಂದು ತೇಲಿತು. ಅವನಿಗೆ ಮರಣದಂಡನೆಯಾಯಿತು, ಖಾನನ ಮನಸಬು ಅರ್ಧಕ್ಕೆ ಇಳಿಯಿತು, ಆ ತಾಯಿಗೆ ಜೀವನಾಂಶ ಗೊತ್ತಾಯಿತು. ಎರಡು ಮೂರು ವಾಕ್ಯಗಳಲ್ಲಿ ಬಾದಶಹ ಇದನ್ನು ಮುಗಿಸಿಬಿಡುತ್ತಾನೆ. ಆಕೆಯ ಹೆಸರಿಲ್ಲ, ಮಗಳ ಹೆಸರಿಲ್ಲ. ಖಾನನ ಹೆಸರು ಮಾತ್ರ ಆ ಗ್ರಂಥದಲ್ಲಿ ಮತ್ತೆ ಮತ್ತೆ ಬರುತ್ತದೆ. 1616ರಲ್ಲಿ ಅವನನ್ನು ಇಡೀ ಗುಜರಾತಿಗೆ ಸುಬೇದಾರನನ್ನಾಗಿ ಮಾಡಿದರು. ಖಂಭಾತವೂ ಅದರಲ್ಲಿಯೇ ಸೇರಿತ್ತು.

ತೆರೆಯ ಮೇಲಿನ ಕಥೆಗಿಂತ ಈ ಎರಡು ಮೂರು ವಾಕ್ಯಗಳು ನಮ್ಮನ್ನು ಹೆಚ್ಚು ಕಾಡುತ್ತವೆ. ದೊಡ್ಡವನ ಮನೆಯ ತಪ್ಪಿಗೆ ಆಳು ಪ್ರಾಣ ತೆತ್ತ, ದೊಡ್ಡವನು ಕೆಲವು ವರ್ಷ ಸಂಬಳ ಕಳೆದುಕೊಂಡ. ಆದರೂ ದೂರು ಮುಟ್ಟಿತು ಎಂಬುದನ್ನು ಮರೆಯುವಂತಿಲ್ಲ. ರೈಲಿಲ್ಲ, ಟಪಾಲಿಲ್ಲ, ಖಂಭಾತದ ಒಬ್ಬ ವಿಧವೆಯ ಮಾತು ಅಷ್ಟು ದೂರದ ಆಗ್ರಾದಲ್ಲಿದ್ದ ಸಿಂಹಾಸನದವರೆಗೆ ಹೋಯಿತು, ಖಾನನ ಆಪ್ತತನವನ್ನು ಲೆಕ್ಕಿಸದೆ ವಿಚಾರಣೆ ನಡೆಯಿತು.

ದೂರದ ಊರಿಗೆ ಹೋಗಿ ನ್ಯಾಯ ಕೇಳುವ ಪಾಡು ಕನ್ನಡಿಗರಿಗೂ ಚೆನ್ನಾಗಿ ಗೊತ್ತು, ಅದರಲ್ಲಿಯೂ ಮುಂಬಯಿಯ ದಾರಿ. 1862ರಲ್ಲಿ ಮುಂಬಯಿ ಹೈಕೋರ್ಟು ಸ್ಥಾಪನೆಯಾದಂದಿನಿಂದ 1956ರ ಅಕ್ಟೋಬರ್ ಮುಗಿಯುವ ತನಕ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳ ಅಪೀಲುಗಳು ಬರುತ್ತಿದ್ದುದು ಇಲ್ಲಿಗೇ. ಕೋಟೆ ವಿಭಾಗದಲ್ಲಿ, ಓವಲ್ ಮೈದಾನದ ಎದುರು, 1878ರಲ್ಲಿ ಕಟ್ಟಿ ಮುಗಿಸಿದ ಆ ಕಪ್ಪು ಕಲ್ಲಿನ ಗೋಪುರದ ಕಟ್ಟಡವನ್ನು ನಾವು ನಿತ್ಯ ಕಾಣುತ್ತೇವೆ. ಹುಬ್ಬಳ್ಳಿಯ ಕಡೆಯಿಂದ ಸಣ್ಣ ಗೇಜಿನ ಗಾಡಿಯಲ್ಲಿ ಹೊರಟು, ಪುಣೆಯಲ್ಲಿ ಗಾಡಿ ಬದಲಿಸಿ, ಬುತ್ತಿ ಗಂಟು, ಕಾಗದದ ಗಂಟು ಹೊತ್ತು ಬಂದ ಕಕ್ಷಿಗಾರರು ಅದರ ಮೆಟ್ಟಿಲ ಮೇಲೆ ಕೂತರು. ಹೊಲದ ಬದುವಿನ ತಂಟೆ ಕನ್ನಡದಲ್ಲಿ ಹುಟ್ಟಿ ಇಲ್ಲಿ ಇಂಗ್ಲಿಷಿನಲ್ಲಿ ತೀರ್ಮಾನವಾಗುತ್ತಿತ್ತು.

1956ರ ನವೆಂಬರ್ 1ರಂದು ಈ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಅಪೀಲುಗಳು ಬೆಂಗಳೂರಿಗೆ ತಿರುಗಿದವು. ಆ ದಿನವನ್ನೇ ನಾವು ರಾಜ್ಯೋತ್ಸವವೆಂದು ಆಚರಿಸುತ್ತಿರುವುದು. ಆದರೆ ಧಾರವಾಡದಿಂದ ಬೆಂಗಳೂರು 400 ಕಿಲೋಮೀಟರಿಗೂ ಹೆಚ್ಚು. ಕಲಬುರಗಿಯಿಂದ, ಬೀದರದಿಂದ ಇನ್ನೂ ದೂರ. ಸಂಚಾರಿ ಪೀಠ ಬೇಕೆಂದು ಆ ಕಡೆಯ ವಕೀಲರೂ ಜನರೂ ವರ್ಷಗಟ್ಟಲೆ ಕೂಗಿದರು. 2008ರ ಜುಲೈಯಲ್ಲಿ ಧಾರವಾಡದಲ್ಲಿಯೂ ಗುಲಬರ್ಗಾದಲ್ಲಿಯೂ ಪೀಠಗಳು ಕುಳಿತವು, 2013ರಲ್ಲಿ ಖಾಯಂ ಆದವು. ರಾಜ್ಯ ಒಂದಾಗಿ ಆಗಲೇ 52 ವರ್ಷ ಕಳೆಯುತ್ತ ಬಂದಿತ್ತು. ಗಡಿಯ ಈಚೆ ಉಳಿದುಹೋದ ಅಕ್ಕಲಕೋಟೆ, ಜತ್ತಗಳ ಕನ್ನಡಿಗರು ಮಾತ್ರ ಹಿಂದಿನಂತೆಯೇ ಮುಂಬಯಿಯ ಗಾಡಿ ಹಿಡಿಯುತ್ತಿದ್ದರು. 2025ರ ಆಗಸ್ಟಿನಲ್ಲಿ ಸೊಲ್ಲಾಪುರ, ಸಾಂಗಲಿ ಮುಂತಾದ ಜಿಲ್ಲೆಗಳಿಗಾಗಿ ಕೊಲ್ಹಾಪುರದಲ್ಲಿ ಮುಂಬಯಿ ಹೈಕೋರ್ಟಿನ ಸಂಚಾರಿ ಪೀಠ ಆರಂಭವಾದ ಮೇಲೆ ಅವರಿಗೂ ಆ ರಾತ್ರಿಯ ಪ್ರಯಾಣ ತಪ್ಪಿತು.